ಜೂನ್ ತಿಂಗಳಾಗಿ ಹೋದ ದೃಷ್ಟಿ

1989ರಲ್ಲಿ ನಾನು ಹುಬ್ಬಳ್ಳಿಯ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ದಾಖಲೆ ವಿಭಾಗದ ಸಹಾಯಕಿಯಾಗಿದ್ದೆ. ನಮ್ಮ ತಂಡದವರು ಶಿಗ್ಗಾಂವ, ಹಾನಗಲ್, ಸವಣೂರು ಕಡೆಯ ಹಳ್ಳಿಗಳಲ್ಲಿ ಕಣ್ಣು ತಪಾಸಣೆ ಮಾಡಿ, ಪೊರೆ ಬಂದವರ ವಿವರಗಳನ್ನು ಕಂಪ್ಯೂಟರಿಗೆ ಸೇರಿಸುತ್ತಿದ್ದರು. ಅವನ್ನು ಒಂದು ಫೈಲಾಗಿ ಹೊರತೆಗೆದು ಸ್ಪ್ರೆಡ್‌ಶೀಟಿನಲ್ಲಿ ತೆರೆದರೆ, ದೃಷ್ಟಿ ತೀರಾ ಕೆಟ್ಟವರ ಹೆಸರು ಮೊದಲು ಬರುವಂತೆ ಜೋಡಿಸಬಹುದಿತ್ತು. ಶಿಗ್ಗಾಂವದ ಶಿಬಿರದಲ್ಲಿ ಮಂಚಗಳು ಕಡಿಮೆ. ಪಟ್ಟಿಯಲ್ಲಿ ಮೇಲಿದ್ದವರಿಗಷ್ಟೇ ಆ ಸಲ ಶಸ್ತ್ರಚಿಕಿತ್ಸೆ.

ಶಿಬಿರದ ದಿನ ಬೆಳಿಗ್ಗೆ ದುಂಡಸಿಯಿಂದ ವಯಸ್ಸಾದ ಅಕ್ಕ-ತಂಗಿಯರು ಬಂದರು. ತಂಗಿ ನೀಲವ್ವ, ಅಕ್ಕ ಫಕ್ಕೀರವ್ವನ ಕೈ ಹಿಡಿದು ಮೆಟ್ಟಿಲು ಹತ್ತಿಸಿದಳು. ನನ್ನ ಕೈಯಲ್ಲಿದ್ದ ಪಟ್ಟಿಯಲ್ಲಿ ಹೆಸರು, ಊರು ಮಾತ್ರ ಇದ್ದವು. ನೀಲವ್ವನ ಹೆಸರಿತ್ತು, ಫಕ್ಕೀರವ್ವನದು ಇರಲಿಲ್ಲ.

"ನಂದಲ್ರಿ ಬಾಯಾರ, ಅಕ್ಕಂದು ನೋಡ್ರಿ. ನನಗ ಇನ್ನೂ ದಾರಿ ಕಾಣತೈತಿ. ಆಕಿಗೆ ಮಂದಿ ಮಾರಿ ಗುರ್ತ ಸಿಗಂಗಿಲ್ಲ" ಎಂದಳು ನೀಲವ್ವ.

ಫಕ್ಕೀರವ್ವ ತಂಗಿಯ ಭುಜ ತಡವಿದಳು. "ನೀನರ ಮಾಡಿಸ್ಕೊ ನೀಲಾ. ಇಬ್ಬರೂ ಕುಡ್ಡರಾದ್ರ ಮನಿಗೆ ಕರಕೊಂಡು ಹೋಗಾವ್ರು ಯಾರು?"

ನೀಲವ್ವ ಕದಲಲಿಲ್ಲ. "ಆಕಿ ಹೆಸರು ಬರೂತನಕ ನಾ ಮಂಚ ಹತ್ತಂಗಿಲ್ರಿ."

ಶಿಬಿರದ ಡಾಕ್ಟರು ಇಬ್ಬರ ತಪಾಸಣೆ ಚೀಟಿಗಳನ್ನೂ ತರಿಸಿದರು. ಅಕ್ಕನದು 6/60, ತಂಗಿಯದು 6/36. ಸರಿಯಾದ ಕಣ್ಣಿಗೆ ಅರವತ್ತು ಮೀಟರಿನಿಂದ ಕಾಣುವ ಅಕ್ಷರ ಆರು ಮೀಟರಿಗೆ ಬಂದರಷ್ಟೇ ಕಂಡರೆ ಅದು 6/60. ಕೆಳಗಿನ ಅಂಕಿ ದೊಡ್ಡದಾದಷ್ಟೂ ದೃಷ್ಟಿ ಕೆಟ್ಟದ್ದು. ಅಂದರೆ ಪಟ್ಟಿಯೇ ತಲೆಕೆಳಗಾಗಿತ್ತು. ಡಾಕ್ಟರು ಶಸ್ತ್ರಚಿಕಿತ್ಸೆಗಳನ್ನು ಮರುದಿನಕ್ಕೆ ಮುಂದೂಡಿ ನನ್ನನ್ನು ಹುಬ್ಬಳ್ಳಿಗೆ ಕಳಿಸಿದರು.

ನಾನೂ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಶಾಂತಾಳೂ ಫೈಲು ತೆರೆದು ನೋಡಿದೆವು. ದೃಷ್ಟಿಯ ಕಾಲಮ್ಮಿನ ತುಂಬ ತಾರೀಖುಗಳಿದ್ದವು. ನಡುವಿನ ಓರೆಗೆರೆ ಕಂಡ ತಂತ್ರಾಂಶ 6/36 ಅನ್ನು 1936ರ ಜೂನ್ ಎಂದೂ 6/60 ಅನ್ನು 1960ರ ಜೂನ್ ಎಂದೂ ಓದಿಕೊಂಡು, ಹಳೆಯದನ್ನು ಮುಂದಿಟ್ಟಿತ್ತು. ಫಕ್ಕೀರವ್ವನಂಥವರೆಲ್ಲ ಹಿಂದೆ ಬಿದ್ದಿದ್ದರು. ತಾರೀಖಿನ ರೂಪ ಬದಲಿಸಿ ನೋಡಿದರೂ 6/60 ಮರಳದೆ ಐದಂಕಿಯ ಯಾವುದೋ ಸಂಖ್ಯೆ ಬರುತ್ತಿತ್ತು.

"ಗೆರಿ ಇದ್ರ ತಾನ ತಾರೀಖು ಅಂತೈತಿ? ಗೆರೀನ ತಗದುಬಿಡೂಣು" ಎಂದಳು ಶಾಂತಾ.

ಮೇಲಿನ ಅಂಕಿ ಒಂದು ಕಾಲಮ್ಮಿಗೆ, ಕೆಳಗಿನದು ಇನ್ನೊಂದಕ್ಕೆ ಬರುವಂತೆ ವಿವರಗಳನ್ನು ಮತ್ತೆ ಹೊರತೆಗೆದೆವು. ಈಗ ಅಂಕಿಗಳು ಅಂಕಿಗಳಾಗಿಯೇ ಉಳಿದವು. ಕೆಳಗಿನ ಅಂಕಿ ದೊಡ್ಡದಿದ್ದವರನ್ನು ಮೊದಲಿಟ್ಟು ಜೋಡಿಸಿದಾಗ ಫಕ್ಕೀರವ್ವ ಮೇಲೆ ಬಂದಳು.

ಮರುದಿನ, ಹೊಸ ಪಟ್ಟಿಯಲ್ಲಿ ಹಿಂದೆ ಬಿದ್ದವರಿಗೆ ವಿಷಯ ಹೇಳುವುದು ನನಗೆ ಕಷ್ಟವಾಯಿತು. ಊಟದ ಬುತ್ತಿ ಕಟ್ಟಿಕೊಂಡು ಬಂದಿದ್ದ ಜನ. ಕೆಲವರು ಸಿಟ್ಟಾದರು, ಒಬ್ಬರು ಅತ್ತೇಬಿಟ್ಟರು. ಅವರೆಲ್ಲರ ಹೆಸರನ್ನು ಸವಣೂರಿನ ಶಿಬಿರಕ್ಕೆ ಬರೆದುಕೊಂಡೆ. ನೀಲವ್ವನೂ ಅದರಲ್ಲಿದ್ದಳು. ಅವಳು ಮಾತ್ರ ನಕ್ಕಳು.

ಶಸ್ತ್ರಚಿಕಿತ್ಸೆಯಾಗಿ ಕೆಲವು ದಿನಗಳ ಮೇಲೆ ಬ್ಯಾಂಡೇಜ್ ಬಿಚ್ಚಿ ದಪ್ಪ ಕನ್ನಡಕ ಹಾಕಿದಾಗ ಫಕ್ಕೀರವ್ವ ತಂಗಿಯನ್ನು ಬಹಳ ಹೊತ್ತು ನೋಡಿದಳು. "ಯವ್ವಾ, ನಿನ್ನ ತಲಿ ಯಾವಾಗ ಇಷ್ಟು ಬೆಳ್ಳಗಾತ?"

"ನಿಂದೇನು ಕರ್ರಗ ಐತೇನು?" ಎಂದು ನೀಲವ್ವ ಕಣ್ಣೊರೆಸಿಕೊಂಡಳು.

ಆಮೇಲೆ ನಿವೃತ್ತಳಾಗುವವರೆಗೆ ಎಷ್ಟೋ ಪಟ್ಟಿಗಳು ನನ್ನ ಕೈ ದಾಟಿ ಹೋದವು. ಯಾವುದೇ ಪಟ್ಟಿ ಬಂದರೂ ತಪಾಸಣೆ ಚೀಟಿಗಳನ್ನು ತರಿಸಿಕೊಂಡು, ಅದರಿಂದ ಬಿಟ್ಟುಹೋದವರ ಹೆಸರುಗಳನ್ನು ನಾನು ಮೊದಲು ಓದುತ್ತಿದ್ದೆ.