ಬಂಗಡೆ ಹೊಸ್ತಿಲು ದಾಟಿದ ಸಂಜೆ

ಆ ಬೆಳಗು ಈಗಲೂ ಅರೆನಿದ್ದೆಯಲ್ಲಿ ಬರುತ್ತದೆ. ಕಡಲ ಮೇಲೆ ಮಂಜು. ದೋಣಿಗಳು ಕಾಣುವುದಿಲ್ಲ, ದೋಣಿಯವರ ಮಾತಷ್ಟೇ ತೇಲಿ ಬರುತ್ತದೆ. ಅಂಗಳದಲ್ಲಿ ಅತ್ತೆ ಮೀನುಬುಟ್ಟಿ ತೊಳೆಯುತ್ತಿದ್ದಾರೆ. ನನ್ನ ಮಗಳು ಚೀಲ ಹೆಗಲಿಗೇರಿಸಿ ನಿಂತಿದ್ದಾಳೆ. ಅಂದು ಶಾಲೆಯಲ್ಲಿ ದಡಾರದ ಲಸಿಕೆ.

"ಇವತ್ತು ಇವ್ಳನ್ನ ಶಾಲೆಗೆ ಕಳ್ಸೂದು ಬೇಡ," ಅಂದರು ಅತ್ತೆ.

ಆ ವಾರ ಕೇರಿಯ ಮೊಬೈಲುಗಳಲ್ಲೆಲ್ಲ ಒಂದೇ ದನಿ ಓಡಾಡುತ್ತಿತ್ತು. ಯಾರೋ ಗಂಡಸು, ಭಾರೀ ಗಂಭೀರವಾಗಿ: ಸೂಜಿ ಹಾಕಿಸಿಕೊಂಡ ಹುಡುಗಿಯರಿಗೆ ಮುಂದೆ ಮಕ್ಕಳಾಗುವುದಿಲ್ಲವಂತೆ. ಅವನ ಬಾಯಿಗೆ ಮಣ್ಣು ಹಾಕ! ಯಾರು, ಯಾವೂರು ಹೇಳಲಿಲ್ಲ. ಆದರೂ ಅರ್ಧ ಕೇರಿ ನಂಬಿತು. ಅತ್ತೆಯೂ ನಂಬಿದರೆಂದು ನಾನು ಹರಿಹಾಯ್ದೆ.

"ಫೋನಲ್ಲಿ ಬೊಗಳಿದ್ದೆಲ್ಲ ವೇದವಾ ಅತ್ತೆ?"

"ಫೋನಿನ ಮಾತಲ್ಲ ಮಗಾ." ಬುಟ್ಟಿ ಬೋರಲು ಹಾಕಿ ಪಕ್ಕದಲ್ಲೇ ಕೂತರು. "ಸೂಜಿ ಹಾಕಿದ್ರೆ ಜ್ವರ ಬತ್ತದೆ. ಅಮ್ಮನ್ನ ನಾವೇ ಕರ್ದಂಗೆ. ಕರ್ದು, ಮನೇಲಿ ಮೀನು ಇಟ್ಕಂಡ್ರೆ ಬಿಡ್ತಾಳಾ?"

ನಮ್ಮಲ್ಲಿ ದಡಾರಕ್ಕೆ ಅಮ್ಮ ಎನ್ನುತ್ತಾರೆ. ಅಮ್ಮ ಬಂದ ಮನೆಯ ಬಾಗಿಲಿಗೆ ಬೇವಿನ ಸೊಪ್ಪು. ಒಳಗೆ ಒಗ್ಗರಣೆಯಿಲ್ಲ, ಮೀನು ಹೊಸ್ತಿಲು ದಾಟುವಂತಿಲ್ಲ. ನನ್ನ ಗಂಡ ಹುಟ್ಟುವ ಮೊದಲು ಅತ್ತೆಗೊಂದು ಹೆಣ್ಣುಮಗುವಿತ್ತು. ಅದಕ್ಕೆ ಅಮ್ಮ ಬಂದಾಗ ಮನೆಯಲ್ಲಿ ಅಕ್ಕಿ ಮುಗಿದು, ಅತ್ತೆ ಮೀನುಬುಟ್ಟಿ ಹೊತ್ತು ಅಂಕೋಲೆ ಪೇಟೆಗೆ ಹೋದರು. ತಿರುಗಿ ಬರುವಷ್ಟರಲ್ಲಿ ಮಗು ಇರಲಿಲ್ಲ. ಇದನ್ನು ಗಂಡ ಹೇಳಿದ್ದ. ಅತ್ತೆ ಒಂದು ದಿನವೂ ಆ ಮಗುವಿನ ಸುದ್ದಿ ಎತ್ತಿದವರಲ್ಲ. ತನ್ನ ಬುಟ್ಟಿಯೇ ಮಗುವನ್ನು ಕೊಂದಿತೆಂದು ಅವರು ಇಷ್ಟು ಕಾಲ ನಂಬಿದ್ದಾರೆಂಬುದು ನನಗೆ ಆಗ ಹೊಳೆಯಿತು. ಸಿಟ್ಟು ಜರ್ರನೆ ಇಳಿಯಿತು. ಅಯ್ಯೋ ಅನ್ನಿಸಿತು.

"ನೀವೂ ಬನ್ನಿ ಅತ್ತೆ. ಕೇಳಿ ನೋಡಿ. ನೀವು ಬೇಡ ಅಂದ್ರೆ ವಾಪಸ್ ಕರ್ಕಂಡು ಬರುವಾ," ಅಂದೆ.

ಶಾಲೆಯ ಜಗಲಿಯಲ್ಲಿ ಮಕ್ಕಳು ಅರ್ಧಕ್ಕರ್ಧ ಇರಲಿಲ್ಲ. ಗಾಳಿಮರಗಳು ಸುಂಯ್ಗುಡುತ್ತಿದ್ದವು. ಲಸಿಕೆ ಹಾಕಲು ಬಂದಿದ್ದ ಸಿಸ್ಟರ್ ಬರ್ಫದ ಡಬ್ಬಿ ತೆರೆದು ಪುಟ್ಟ ಸೀಸೆ ತೆಗೆದರು. ಅತ್ತೆ ಇಣುಕಿ, "ಮೀನಿನಂಗೆ ಇದ್ಕೂ ಬರ್ಫಾ?" ಅಂದರು.

"ಹೌದಮ್ಮಾ, ಬಿಸಿಗೆ ಇದೂ ಕೆಡ್ತದೆ."

ಅತ್ತೆಗೆ ಧೈರ್ಯ ಬಂತು. "ಇದರ ಜ್ವರ ಅಮ್ಮನ ಜ್ವರವಾ?"

"ಅಲ್ಲ. ಕೆಲವು ಮಕ್ಕಳಿಗೆ ವಾರದ ಮೇಲೆ ಸ್ವಲ್ಪ ಮೈ ಬಿಸಿ ಆಗ್ತದೆ, ಇಳೀತದೆ. ದಡಾರ ಬರದೇ ಇರೂಕೇ ಈ ಸೂಜಿ. ಮಕ್ಕಳಾಗೂದಿಲ್ಲ ಅನ್ನೂದು ಶುದ್ಧ ಸುಳ್ಳು."

ಅತ್ತೆ ಸೆರಗಿನ ತುದಿ ಹಿಂಡುತ್ತ ನಿಂತರು. "ನನ್ನ ಹೆಣ್ಣಿಗೆ ಇದು ಸಿಕ್ಕಿದ್ರೆ?"

ಸಿಸ್ಟರ್ ಕೈಯಲ್ಲಿದ್ದುದನ್ನು ಕೆಳಗಿಟ್ಟರು. "ಬದುಕ್ತಿತ್ತೇನೋ ಅಮ್ಮಾ."

"ಹಂಗಾರೆ ನನ್ನ ಬುಟ್ಟಿಯಿಂದ ಅಲ್ಲ?"

"ಅಲ್ಲವೇ ಅಲ್ಲ."

ಮೊಮ್ಮಗಳ ಅಂಗಿಯ ತೋಳನ್ನು ಅತ್ತೆಯೇ ಮೇಲೆ ಸರಿಸಿದರು. ಅತ್ತವರು ಅವರು, ಹುಡುಗಿಯಲ್ಲ.

ವಾರ ಕಳೆದು ಒಂದು ಮಧ್ಯಾಹ್ನ ಮಗಳ ಮೈ ನಿಜಕ್ಕೂ ತುಸು ಬಿಸಿಯಾಯಿತು. ಅಕ್ಕಪಕ್ಕದವರ ಕಣ್ಣೆಲ್ಲ ನಮ್ಮ ಬಾಗಿಲ ಮೇಲೆ. ಸಂಜೆ ಅತ್ತೆ ಪೇಟೆಯಿಂದ ಬಂದು, ಎರಡು ಬಂಗಡೆ ಹಿಡಿದು ಹೊಸ್ತಿಲ ಹೊರಗೇ ನಿಂತುಬಿಟ್ಟರು. ನಾನು ಕೈ ಚಾಚಲಿಲ್ಲ. ಕಡೆಗೆ ಅವರೇ ದಾಟಿದರು.

ಬಂಗಡೆ ಹುರಿದು, ಮುಳ್ಳು ಬಿಡಿಸಿ, ಗಂಜಿಯ ಜೊತೆ ಮೊಮ್ಮಗಳ ಬಾಯಿಗಿಟ್ಟರು. ಅವಳು ಇನ್ನೊಂದು ತುತ್ತಿಗೆ ಬಾಯಿ ತೆರೆದಳು.

"ನಿನ್ನ ಸೋದರತ್ತೆಗೂ ಹಿಂಗೇ," ಅಂದರು ಅತ್ತೆ, "ಬಂಗಡೆ ಅಂದ್ರೆ ಜೀವ."