ಪುಕ್ಕಟೆ ಮಂದಿ ಮತ್ತು ನಮ್ಮ ವೈಫೈ

ಕಳೆದ ರವಿವಾರ ನನ್ನಿಂದಾಗಿ ಒಂದು ಮದುವೆ ಮಾತುಕತೆ ಮುರಿದು ಬೀಳುವುದರಲ್ಲಿತ್ತು. ತಪ್ಪು ನನ್ನದಲ್ಲ, ನಮ್ಮ ವೈಫೈಯದು. (ಅದಕ್ಕೆ ಹೆಸರಿಟ್ಟವನು ನಾನೇ, ಆ ಮಾತು ಬೇರೆ.)

ಗಜೇಂದ್ರಗಡದ ನಮ್ಮ ಓಣಿಯಲ್ಲಿ ಗೋಡೆ ಆಚೆಯಿಂದ ಯಾರಾದರೂ ಹೆಪ್ಪು ಕೇಳಿದರೆ ಇಲ್ಲ ಅನ್ನುವ ಪದ್ಧತಿಯಿಲ್ಲ. ಪಕ್ಕದ ಮನೆಯ ಸೀರೆ ವ್ಯಾಪಾರಿ ಈರಣ್ಣ ಅದೇ ಗೋಡೆ ಮೇಲಿಂದ ವೈಫೈ ಪಾಸ್‌ವರ್ಡ್ ಕೇಳಿದರು. ಕೊಟ್ಟೆ. ಅಂದಿನಿಂದ ಅವರ ಮನೆಯ ಆರು ಫೋನು, ಒಂದು ಟಿವಿ ನಮ್ಮ ಇಂಟರ್‌ನೆಟ್ ಮೇಲೆಯೇ ಬದುಕಿವೆ. ಪಾಸ್‌ವರ್ಡ್ ಬದಲಿಸಿದರೆ ಮತ್ತೆ ಕೇಳುತ್ತಾರೆ, ಮತ್ತೆ ಕೊಡಬೇಕು. ಬಾಯಿಬಿಟ್ಟು ಹೇಳುವ ಧೈರ್ಯ ನನಗೆಲ್ಲಿದೆ? ವೈಫೈ ಹೆಸರನ್ನೇ ‘ಪಕ್ಕದ ಮನಿ ಪುಕ್ಕಟೆ ಮಂದಿ’ ಎಂದು ಬದಲಿಸಿದೆ.

ಹೆಸರು ಬದಲಾದರೆ ಫೋನಿಗೆ ಗುರುತು ಸಿಗುವುದಿಲ್ಲ. ಎಲ್ಲವೂ ಕಟ್ ಆದವು. ಐದೇ ನಿಮಿಷ. ಅದೇ ಹೆಸರನ್ನು ಒತ್ತಿ, ಹಳೇ ಪಾಸ್‌ವರ್ಡ್ ಹಾಕಿ ಎಲ್ಲರೂ ವಾಪಸ್ ಬಂದರು. ನನಗೇ ನಾಚಿಕೆಯಾಯಿತು.

ರವಿವಾರ ಈರಣ್ಣನವರ ಮಗಳನ್ನು ನೋಡಲು ನರಗುಂದದವರು ಬಂದರು. ಹುಡುಗನಿಗೆ ರಜೆ ಸಿಕ್ಕಿರಲಿಲ್ಲ, ಈರಣ್ಣನವರ ಫೋನಿನಲ್ಲಿ ವಿಡಿಯೋ ಕಾಲ್ ಮಾಡಿ ಹುಡುಗಿಯನ್ನು ನೋಡುವವನಿದ್ದ. ಪಾಸ್‌ವರ್ಡ್ ಇಲ್ಲದವರಿಗೆ ವೈಫೈ ಹೆಸರು ಕಾಣುವುದಿಲ್ಲ ಅಂತ ನಾನು ತಿಳಿದಿದ್ದೆ. ಎಲ್ಲಿಯ ಮಾತು? ರೌಟರ್ ತನ್ನ ಹೆಸರನ್ನು ಸುತ್ತಲಿನ ಫೋನುಗಳಿಗೆಲ್ಲ ಸಾರುತ್ತಲೇ ಇರುತ್ತದೆ. ಪಾಸ್‌ವರ್ಡ್ ಬೇಕಾಗುವುದು ಒಳಗೆ ಬರಲು ಮಾತ್ರ.

ಹುಡುಗನ ಕಾಕಾ ತಮ್ಮ ಫೋನ್ ತೆಗೆದು ಆ ಹೆಸರನ್ನು ಜೋರಾಗಿ ಓದಿದರಂತೆ. “ಪಕ್ಕದ ಮನಿ ಅಂದ್ರ ಯಾವುದ್ರಿ?” ಅಂತಲೂ ಕೇಳಿದರಂತೆ.

ಈರಣ್ಣ ಗೋಡೆ ಹತ್ತಿರ ಓಡಿ ಬಂದರು. “ಸರ, ಅವ್ರು ಓದ್ಯಾರ್ರಿ. ಲಗೂನ ಹೆಸರು ತಗೀರಿ. ಮಗಳ ಲಗ್ನದ ವಿಷಯ ಐತ್ರಿ.”

ಅಂದರೆ ಇವರು ಇಷ್ಟು ದಿನ ಓದಿಯೂ ಸುಮ್ಮನಿದ್ದರು. ಕೂಡಲೇ ಹೆಸರನ್ನು ‘ಶುಭಮಸ್ತು’ ಎಂದು ಬದಲಿಸಿದೆ. ಅಲ್ಲಿ ಹುಡುಗಿ ಚಹಾ ಹಿಡಿದು ಬಂದದ್ದೂ, ಇಲ್ಲಿ ಹೊಸ ಹೆಸರು ಬಂದದ್ದೂ ಒಂದೇ ಹೊತ್ತು. ವಿಡಿಯೋ ಕಟ್. ಹುಡುಗ ನೋಡಿದ್ದು ಚಹಾದ ಟ್ರೇ ಮಾತ್ರ.

ಇನ್ನು ತಡೆಯಲಾಗಲಿಲ್ಲ. ಅವರ ಮನೆಗೇ ಹೋದೆ. “ಆ ಹೆಸರು ಇಟ್ಟಾಂವ ನಾನ್ರಿ. ಇವರ ಮ್ಯಾಲ ಸಿಟ್ಟಾಗಬ್ಯಾಡ್ರಿ,” ಎಂದೆ.

ಕಾಕಾ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಸಿಟ್ಟ್ಯಾಕ್ರಿ? ಹೆಸರು ಏನರ ಇರಲಿ,” ಎಂದು ತಮ್ಮ ಫೋನನ್ನು ನನ್ನ ಮುಂದೆ ಹಿಡಿದರು. “ಪಾಸ್‌ವರ್ಡ್ ಹಾಕಿ ಕೊಡ್ರಿ. ನಾವು ಐದ್ ಮಂದಿ ಅದೀವಿ.”

ಎರಡು ಮನೆತನ ಇಷ್ಟು ಚೆನ್ನಾಗಿ ಹೊಂದಿದ ಮೇಲೆ ಜಾತಕ ಯಾಕೆ ಬೇಕು, ನೀವೇ ಹೇಳಿ?