ಇಪ್ಪತ್ತೈದನೇ ಕಡ್ಡಿ

ಮೌನಿಕಾ ಹನ್ನೊಂದು ವರ್ಷದಿಂದ ಶಹಾಪುರದ ಫೋಟೊ ಸ್ಟುಡಿಯೊ ಒಂದರಲ್ಲಿ ಕೂತು ಮದುಮಗಳ ಮುಖದ ಮೊಡವೆ ಅಳಿಸುತ್ತ ಬಂದಿದ್ದಾಳೆ. ಮದುಮಗನ ಮೊಡವೆಯನ್ನೂ ಅಳಿಸುತ್ತಾಳೆ, ಆದರೆ ಗಂಡಿನವರು ಅಷ್ಟೊಂದು ತಕರಾರು ತೆಗೆಯುವುದಿಲ್ಲ. ಮಾಲೀಕ ಸಂಜುಕುಮಾರ ಕೆಟ್ಟವನಲ್ಲ. ಪಗಾರ ತಪ್ಪಿಸುವುದಿಲ್ಲ, ಹಬ್ಬಕ್ಕೆ ರಜೆ ಕೊಡುತ್ತಾನೆ. ಆಲ್ಬಮ್ಮಿನ ಕೊನೆಯ ಪುಟದಲ್ಲಿ ಮಾತ್ರ ಪ್ರತಿಸಲವೂ ತನ್ನದೊಂದೇ ಹೆಸರು ಹಾಕಿಸುತ್ತಾನೆ. ಅದನ್ನು ಅಚ್ಚಿಗೆ ಜೋಡಿಸುವವಳೂ ಮೌನಿಕಾಳೇ. ಈ ಒಂದು ವಿಷಯ ಅವಳಿಗೆ ಒಳಗೊಳಗೇ ಉರಿಯುತ್ತಿತ್ತು.

ಅವಳ ಊರು ಕೃಷ್ಣಾ ನದಿಯ ದಂಡೆಯಲ್ಲಿದೆ. ತಂದೆ ವೆಂಕಪ್ಪ ಬಲೆ ಬೀಸುತ್ತಾನೆ. ತಾಯಿ ಮಲ್ಲಿಕಮ್ಮ ಮೀನು ಮಾರುತ್ತಾಳೆ, ಮೀನಿನ ಬುಟ್ಟಿಗಳನ್ನು ತಾನೇ ನೇಯುತ್ತಾಳೆ. ಆಕೆಯದೊಂದು ಪದ್ಧತಿಯಿದೆ. ನೇಯ್ದು ಮುಗಿಸಿದ ಬುಟ್ಟಿಯನ್ನು ಆಕೆ ನೋಡುವುದೇ ಇಲ್ಲ. ಬಿಸಿಲಿಗೆ ಹಿಡಿದು, ಉಸುಕಿನ ಮೇಲೆ ಬಿದ್ದ ಅದರ ನೆರಳನ್ನು ನೋಡುತ್ತಾಳೆ. ಬುಟ್ಟಿಯನ್ನು ನೋಡಿದರೆ ಕಣ್ಣು ಚಂದಕ್ಕೆ ಮರುಳಾಗುತ್ತದೆ, ನೆರಳಿಗೆ ಬಣ್ಣವಿಲ್ಲ, ಇದ್ದದ್ದು ಇದ್ದ ಹಾಗೆ ಹೇಳುತ್ತದೆ ಎಂಬುದು ಆಕೆಯ ವಾದ. ನೆರಳಿನಲ್ಲಿ ಒಂದು ಕಿಂಡಿ ದೊಡ್ಡದಾಗಿ ಕಂಡರೂ ಅಲ್ಲಿಯವರೆಗೆ ಬಿಚ್ಚಿ ಮತ್ತೆ ನೇಯುತ್ತಾಳೆ. ಚಿಕ್ಕಂದಿನಲ್ಲಿ ಮೌನಿಕಾ ಎಷ್ಟೋ ಸಲ ಆ ನೆರಳಿನ ಮುಂದೆ ಕೂತು ಪಾಸೋ ಫೇಲೋ ಎಂದು ಕಾದಿದ್ದಳು.

ಊರೆಲ್ಲ ಬಾಗಿಲು ಹಾಕಿಕೊಂಡು ಕೂತ ಲಾಕ್‌ಡೌನ್ ಕಾಲದಲ್ಲಿ, ಸ್ಟುಡಿಯೊದ ಕಂಪ್ಯೂಟರಿನಲ್ಲಿ ಅವಳು ಹಿಂದಿ, ತೆಲುಗು ವಿಡಿಯೊಗಳನ್ನು ನೋಡಿ ತ್ರೀಡಿ ಚಿತ್ರ ಮಾಡುವುದನ್ನು ಕಲಿತಳು. ಅದರಲ್ಲಿ ಎರಡು ವಿದ್ಯೆ ಅವಳಿಗೆ ಹಿಡಿಸಿದವು. ಒಂದು, ಪ್ರೊಸೀಜರಲ್ ಮಾಡೆಲಿಂಗ್. ವಸ್ತುವನ್ನು ಕೈಯಾರೆ ತಿದ್ದುತ್ತ ಕೂರಬೇಕಿಲ್ಲ, ಅದು ಹುಟ್ಟುವ ನಿಯಮ ಬರೆದರೆ ಸಾಕು. ಕಡ್ಡಿ ಎಷ್ಟು, ಸುತ್ತು ಎಷ್ಟು ಎಂದರೆ ಬುಟ್ಟಿ ತಾನೇ ಏಳುತ್ತದೆ. ಒಂದು ಅಂಕಿ ಬದಲಿಸಿದರೆ ಇಡೀ ಬುಟ್ಟಿ ಬದಲಾಗುತ್ತದೆ. ಇನ್ನೊಂದು, ಚಿತ್ರವನ್ನು ಪದರ ಪದರವಾಗಿ ತೆಗೆದು ಕೊನೆಗೆ ಕೂಡಿಸುವುದು. ನದಿ ಮತ್ತು ಉಸುಕು ಒಂದು ಪದರ, ಬುಟ್ಟಿ ಒಂದು, ನೆರಳು ಇನ್ನೊಂದು. ಈ ಪದರಗಳಿಗೆ ರೆಂಡರ್ ಪಾಸ್ ಎನ್ನುತ್ತಾರೆ. ಒಂದು ಪದರ ಕೆಟ್ಟರೆ ಅದನ್ನಷ್ಟೇ ಮತ್ತೆ ತೆಗೆದರಾಯಿತು. ಸ್ಟುಡಿಯೊದ ಮುದಿ ಕಂಪ್ಯೂಟರಿಗೆ ಇದಕ್ಕಿಂತ ದೊಡ್ಡ ಉಪಕಾರವಿರಲಿಲ್ಲ.

ಹೀಗಿರುವಾಗ ಯಾದಗಿರಿಯಲ್ಲಿ ನದಿ ಬದುಕಿನ ಒಂದು ಸಣ್ಣ ಪ್ರದರ್ಶನಾಲಯ ತೆರೆಯುವ ಸುದ್ದಿ ಬಂತು. ಅದರ ಉಸ್ತುವಾರಿ ನಿವೃತ್ತ ಮಾಸ್ತರ ಭಗವಂತರಾಯರದು. ಮೀನಿನ ಬುಟ್ಟಿಯೊಂದು ತಾನೇ ನೇಯ್ದುಕೊಳ್ಳುವ ಹನ್ನೆರಡು ಸೆಕೆಂಡಿನ ಚಿತ್ರ ಬೇಕೆಂದು, ಮೌನಿಕಾ ಸೇರಿ ಮೂವರಿಂದ ಮಾದರಿ ಕೇಳಿದ್ದರು. ಆಯ್ಕೆಯಾದ ಚಿತ್ರ ಗೋಡೆಯ ಪರದೆಯ ಮೇಲೆ ಓಡುತ್ತದೆ, ಕೆಳಗೆ ಮಾಡಿದವರ ಹೆಸರಿನ ಚೀಟಿ ಇರುತ್ತದೆ ಎಂದರು. ಮೌನಿಕಾಳಿಗೆ ಆ ಚೀಟಿಯ ಮಾತು ಕಿವಿಯಲ್ಲಿ ಕೂತುಬಿಟ್ಟಿತು.

ಗಡುವು ಮಂಗಳವಾರ ಸಂಜೆ ಐದು. ಸೋಮವಾರಕ್ಕೇ ಎಲ್ಲ ಮುಗಿದಿತ್ತು. ನದಿ ಮತ್ತು ಉಸುಕಿಗೇ ಎರಡು ದಿನ ಹಿಡಿದಿತ್ತು. ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಮಲ್ಲಿಕಮ್ಮ ಮೀನು ಮಾರಲು ಬಂದವಳು, ಬುಟ್ಟಿಯನ್ನು ಸ್ಟುಡಿಯೊದ ಹೊರಗಿಟ್ಟು ನೀರು ಕುಡಿಯಲು ಒಳಗೆ ಬಂದಳು. ಮಗಳು ಹಿಗ್ಗಿನಿಂದ ಚಿತ್ರ ತೋರಿಸಿದಳು. ಉಸುಕಿನಿಂದ ಕಡ್ಡಿಗಳು ವೃತ್ತವಾಗಿ ಎದ್ದವು, ಬಿದಿರಿನ ಸೀಳು ಅವುಗಳ ಸುತ್ತ ಹಾವಿನಂತೆ ಓಡಿತು. ಮಲ್ಲಿಕಮ್ಮ ಮತ್ತೊಮ್ಮೆ ತೋರಿಸು ಎಂದಳು, ಮಗಳು ತೋರಿಸಿದಳು.

“ಕಡ್ಡಿ ಎಷ್ಟಿಟ್ಟೀದಿ?”

“ಇಪ್ಪತ್ನಾಕು.”

“ಜೋಡಿ ಇಟ್ರ ನೇಯ್ಗಿ ಹಿಡಿಯಂಗಿಲ್ಲ. ಸೀಳು ಒಂದು ಸುತ್ತು ಹಾಕಿ ಬಂದು ಮತ್ತ ಹಿಂದಿನ ಹಾದೀನ ಹಿಡೀತದ. ಒಂಟಿ ಇರಬೇಕು.”

ಮೌನಿಕಾ ಚಿತ್ರವನ್ನು ನಿಲ್ಲಿಸಿ ನೋಡಿದಳು. ಅವ್ವ ಹೇಳಿದ್ದು ನಿಜ. ಒಂದೇ ಸೀಳು ಸುತ್ತುತ್ತ ಹೋಗಬೇಕಾದರೆ, ಮೊದಲ ಸುತ್ತಿನಲ್ಲಿ ಕಡ್ಡಿಯ ಹೊರಗೆ ಹಾದದ್ದು ಎರಡನೇ ಸುತ್ತಿನಲ್ಲಿ ಒಳಗೆ ಹಾಯಬೇಕು. ಕಡ್ಡಿಗಳ ಲೆಕ್ಕ ಬೆಸವಾಗಿದ್ದರೆ ಮಾತ್ರ ಅದು ಸಾಧ್ಯ. ಹುಟ್ಟಿದಾಗಿನಿಂದ ಬುಟ್ಟಿಗಳ ನಡುವೆ ಬೆಳೆದವಳಿಗೆ ಇದು ಗೊತ್ತಿರಲಿಲ್ಲವೆಂದಲ್ಲ, ಎಣಿಸುವ ಕೆಲಸ ಯಾವತ್ತೂ ಅವ್ವನದಾಗಿತ್ತು. ಅವಳು ನಿಯಮ ಬರೆಯುವಾಗ ಪ್ರತಿ ಸುತ್ತನ್ನೂ ಬೇರೆ ಬೇರೆ ಬಳೆಯಂತೆ ಮಾಡಿ, ಒಂದು ಬಿಟ್ಟು ಒಂದು ಬಳೆಯನ್ನು ಒಂದು ಕಡ್ಡಿಯಷ್ಟು ಜರುಗಿಸಿ, ನೋಡುವವರ ಕಣ್ಣಿಗೆ ನೇಯ್ಗೆಯಂತೆ ಕಾಣಿಸಿದ್ದಳು. ಎತ್ತಿದರೆ ಬಳೆ ಬಳೆಯಾಗಿ ಉದುರುವ ಬುಟ್ಟಿ ಅದು.

ಮಲ್ಲಿಕಮ್ಮ ನೀರು ಕುಡಿದು ಮಾರಾಟಕ್ಕೆ ಹೋದಳು. ಯಾರು ಎಣಿಸುತ್ತಾರೆ, ಹಾಗೇ ಕಳಿಸು ಎಂದು ಸಂಜುಕುಮಾರ ಬುದ್ಧಿ ಹೇಳಿದ. ಮೌನಿಕಾ ಕೇಳಲಿಲ್ಲ. ಒಂದೇ ಸೀಳು ಕೊನೆಯವರೆಗೆ ಸುತ್ತುವಂತೆ ನಿಯಮ ತಿದ್ದಿ ಇಪ್ಪತ್ತೈದು ಎಂದು ಒತ್ತುವಷ್ಟರಲ್ಲಿ ಹನ್ನೆರಡಾಯಿತು. ಬುಟ್ಟಿಯ ಪದರ ಮತ್ತೆ ತೆಗೆಯಲು ನಾಲ್ಕು ತಾಸು, ನೆರಳಿಗೆ ಮೂರು. ನಡುವೆ ಕರೆಂಟು ಹೋಗಿ ಅರ್ಧ ತಾಸು ಹಾಳಾಯಿತು. ಬುಟ್ಟಿ ಮುಗಿದಾಗ ಗಡುವಿಗೆ ಉಳಿದದ್ದು ಅರ್ಧ ಗಂಟೆ. ಹಳೆಯ ನೆರಳಿನ ಪದರ ಕೈಯಲ್ಲೇ ಇತ್ತು. ಆಕಾರ ಅದೇ, ವ್ಯತ್ಯಾಸ ಒಂದೇ ಕಡ್ಡಿಯದು. ಇಪ್ಪತ್ತೈದು ಕಡ್ಡಿಯ ಬುಟ್ಟಿಯ ಕೆಳಗೆ ಇಪ್ಪತ್ನಾಲ್ಕರ ನೆರಳನ್ನು ಇಟ್ಟು, ಐದಕ್ಕೆ ಹತ್ತು ನಿಮಿಷವಿರುವಾಗ ಕಳಿಸಿದಳು. ಕಳಿಸುವಾಗ ಕೈ ತಡೆದದ್ದು ನಿಜ, ಆದರೂ ಕಳಿಸಿದಳು.

ಅವಳ ಚಿತ್ರವೇ ಆಯ್ಕೆಯಾಯಿತು. ಉಳಿದಿಬ್ಬರದೂ ಬೆಸ ಕಡ್ಡಿಯದಿರಲಿಲ್ಲ, ನಿಮ್ಮದೊಂದೇ ಎಂದು ಭಗವಂತರಾಯರು ಫೋನಿನಲ್ಲಿ ಹೇಳಿದರು. ಅಂದರೆ ಎಣಿಸುವವರು ಇದ್ದೇ ಇದ್ದರು. ಬುಟ್ಟಿ ಎಣಿಸಿದವರು ನೆರಳನ್ನು ಎಣಿಸಿರಲಿಲ್ಲ, ಅಷ್ಟೇ. ನೆರಳಿನ ಮಾತು ಅವಳ ಬಾಯಿಯವರೆಗೆ ಬಂದು ನಿಂತಿತು. ಆಮೇಲೆ ಹೇಳಿದರಾಯಿತು ಎಂದುಕೊಂಡು ಹೆಸರಿನ ಕಾಗುಣಿತ ಹೇಳಿ ಫೋನಿಟ್ಟಳು.

ಪ್ರದರ್ಶನಾಲಯ ತೆರೆದ ದಿನ ಅವ್ವನನ್ನು ಕರೆದುಕೊಂಡು ಯಾದಗಿರಿಗೆ ಹೋದಳು. ಪರದೆಯ ಕೆಳಗೆ ಬಿಳಿ ಚೀಟಿಯಲ್ಲಿ ‘ಮೌನಿಕಾ ವೆಂಕಪ್ಪ’ ಎಂದಿತ್ತು. ಜನ ನಿಂತು ನೋಡಿ ತಲೆದೂಗುತ್ತಿದ್ದರು. ಮಲ್ಲಿಕಮ್ಮ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. ಆಕೆಯ ಕಣ್ಣು ಬುಟ್ಟಿಯ ಮೇಲೆ ಒಂದು ಗಳಿಗೆಯೂ ನಿಲ್ಲಲಿಲ್ಲ, ನೇರ ಉಸುಕಿಗೆ ಇಳಿಯಿತು. ತುಟಿ ಸಣ್ಣಗೆ ಅಲುಗತೊಡಗಿತು. ಚಿತ್ರ ಮೂರು ಸಲ ತಿರುಗಿ ಬರುವವರೆಗೆ ಆಕೆ ಎಣಿಸಿದಳು. ಮೂರೂ ಸಲ ಎಣಿಕೆ ಇಪ್ಪತ್ನಾಲ್ಕಕ್ಕೇ ನಿಂತಿತು.

“ಬುಟ್ಟಿ ನಂದು,” ಎಂದಳು ಮಲ್ಲಿಕಮ್ಮ, ಮಗಳಿಗೆ ಮಾತ್ರ ಕೇಳುವಂತೆ. “ನೆಳ್ಳು ನಿಂದು.”

ಸಿಟ್ಟೇನೂ ಇರಲಿಲ್ಲ ಆ ಮಾತಿನಲ್ಲಿ. ಹಾಗಾಗಿಯೇ ಮೌನಿಕಾಳಿಗೆ ಇನ್ನಷ್ಟು ನಾಚಿಕೆಯಾಯಿತು. ಭಗವಂತರಾಯರನ್ನು ಪಕ್ಕಕ್ಕೆ ಕರೆದು ಇದ್ದದ್ದನ್ನು ಹೇಳಿ, ಗುರುವಾರ ಹೊಸ ಚಿತ್ರ ತರುತ್ತೇನೆ ಎಂದಳು. ಅವರು ನಕ್ಕು, ಯಾರಿಗೆ ಕಾಣುತ್ತದಮ್ಮ, ಇರಲಿ ಬಿಡು ಎಂದರು. ಗುರುವಾರದವರೆಗೆ ಚಿತ್ರ ಇರಲಿ ಎಂದು ಅವಳೂ ಒಪ್ಪಿದಳು. ಆಮೇಲೆ ಪರದೆಯ ಬಳಿ ಹೋಗಿ, ಹನ್ನೊಂದು ವರ್ಷ ಕಾದ ತನ್ನ ಹೆಸರಿನ ಚೀಟಿಯನ್ನು ಬಿಡಿಸಿ ಚೀಲದಲ್ಲಿ ಹಾಕಿಕೊಂಡಳು.

“ಹೆಸರು ಗುರುವಾರ ತರ್ತೀನ್ರಿ,” ಎಂದಳು.

ಮಲ್ಲಿಕಮ್ಮ ಆಗಲೇ ಬಾಗಿಲಲ್ಲಿದ್ದಳು. ಶಹಾಪುರದ ಬಸ್ಸಿಗೆ ಹೊತ್ತಾಯಿತೆಂದು ಮಗಳನ್ನು ಕರೆದಳು. ದಾರಿಯುದ್ದಕ್ಕೂ ಮೀನಿನ ಮಾತು ಬಿಟ್ಟು ಬೇರೇನೂ ಆಡಲಿಲ್ಲ. ಆದರೆ ಬಸ್ಸಿನಲ್ಲಿ ಯಾವಾಗಲೂ ತಾನೇ ಹಿಡಿಯುವ ಕಿಟಕಿಯ ಪಕ್ಕದ ಸೀಟನ್ನು ಮಗಳಿಗೆ ಬಿಟ್ಟುಕೊಟ್ಟಳು.